ಚಂದದ ಸ್ಟೇರಿಂಗ್

ಆಸ್ಪತ್ರೆಯ ಬೆಂಚಿನ ಮೇಲೆ ಕನ್ನಡಕದಂಗಡಿಯವನು ಕೂತಿದ್ದ. ಪಕ್ಕದಲ್ಲಿ ಹೆಂಡತಿ. ಬೆಳಿಗ್ಗೆ “ಕೀ ಕೊಡಪ್ಪಾ, ಬೇಗ ಬಂದುಬಿಡ್ತೀನಿ” ಅಂದ ಮಗಳು ನಿಂತಿದ್ದ ಲಾರಿಯ ಹಿಂಬದಿಗೆ ಕಾರು ಗುದ್ದಿದ್ದಳು. ಬೆಲ್ಟು ಹಾಕಿದ್ದಳು, ಆದರೂ ಎದೆ ಸ್ಟೇರಿಂಗಿಗೆ ಅಪ್ಪಳಿಸಿತ್ತು. “ಒಳಗೆ ರಕ್ತ ಸೋರ್ತಿದೆ. ಆಪರೇಷನ್ ಆಗದೆ ಏನೂ ಹೇಳೋಕಾಗಲ್ಲ,” ಅಂದುಬಿಟ್ಟಿದ್ದರು ಡಾಕ್ಟರು.

ಅಯ್ಯೋ, ಇವನ ಕಾರಿನ ಹುಚ್ಚು ಅಂತಿಂಥದ್ದಲ್ಲ! ವಾರವಿಡೀ ಊರವರ ಕಣ್ಣಿಗೆ ಗಾಜು ಕೂರಿಸಿ, ಭಾನುವಾರವಾಯಿತೋ ಕಾರು ತೊಳೆಯುವ ಶೆಡ್ಡಿನ ಮುಂದೆ ಹಾಜರ್. ಅಲ್ಲಿ ಇವನಂಥವರೇ ಇನ್ನಿಬ್ಬರು: ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಪೆಟ್ರೋಲ್ ಬಂಕಿನ ಮ್ಯಾನೇಜರು. ಮೂವರೂ ಸೇರಿದರೆ ಮುಗೀತು, ಊಟ ತಿಂಡಿಯೂ ನೆನಪಿರುವುದಿಲ್ಲ.

“ಬಾಗಿಲು ಹಾಕಿದರೆ ಧಪ್ ಅನ್ನಬೇಕು ಕಣಯ್ಯಾ. ಈಗಿನವೆಲ್ಲ ತಗಡಿನ ಡಬ್ಬ,” ಅಂತ ಮೇಷ್ಟ್ರು.

“ನಿಮ್ಮ ಧಪ್ ಕಟ್ಕೊಂಡು ಏನ್ ಮಾಡೋಣ? ಗಾಡಿ ನಜ್ಜುಗುಜ್ಜಾದ್ರೂ ಒಳಗಿನ ಜೀವ ಉಳೀಬೇಕು. ಏರ್‌ಬ್ಯಾಗ್ ಎಷ್ಟಿವೆ ಕೇಳಿ ಮೊದಲು,” ಅಂತ ಮ್ಯಾನೇಜರು.

ಇವನದು ಮೂರನೇ ಮತ. “ಗಾಡಿ ಅಂದ್ಮೇಲೆ ಜನ ತಿರುಗಿ ನೋಡಬೇಕು. ನೀವಿಬ್ರೂ ಕಾರು ಕೊಳ್ಳೋರಲ್ಲ, ಹೆಲ್ಮೆಟ್ ಕೊಳ್ಳೋರು!”

ಮತಕ್ಕೆ ತಕ್ಕ ಕೆಲಸವನ್ನೂ ಮಾಡಿಸಿದ್ದ. ಕಾರಿನ ಜೊತೆ ಬಂದ ದಪ್ಪ ಸ್ಟೇರಿಂಗನ್ನು ತೆಗೆಸಿ, ಕೆಂಪು ದಾರದ ಹೊಲಿಗೆ ಹಾಕಿದ ಪುಟ್ಟ ಚರ್ಮದ್ದನ್ನು ಕೂರಿಸಿದ್ದ. “ಸಾರ್, ಏರ್‌ಬ್ಯಾಗ್ ಇರೋದು ಹಳೇದರ ಹೊಟ್ಟೇಲಿ. ಇದನ್ನ ಹಾಕಿದ್ರೆ ಅದು ಹೋಯ್ತು,” ಅಂದಿದ್ದ ಮೆಕ್ಯಾನಿಕ್. “ನಾನೇನು ಗುದ್ದೋಕೆ ಹೋಗ್ತೀನಾ? ಹಾಕಯ್ಯಾ ನೀನು,” ಅಂದಿದ್ದ ಇವನು. ಏರ್‌ಬ್ಯಾಗ್ ಇಲ್ಲ ಅಂತ ಎಚ್ಚರಿಸುವ ಕೆಂಪು ದೀಪ ಕಣ್ಣಿಗೆ ಚುಚ್ಚುತ್ತೆ ಅಂತ ಅದರ ತಂತಿಯನ್ನೂ ಕೀಳಿಸಿದ. ಶೆಡ್ಡಿನಲ್ಲಿ ಮ್ಯಾನೇಜರೂ ಹೊಸ ಸ್ಟೇರಿಂಗನ್ನು ಸವರಿ ಸವರಿ ಬಾಯಿ ಬಿಟ್ಟರೇ ಹೊರತು, ಏರ್‌ಬ್ಯಾಗ್ ಏನಾಯ್ತು ಅಂತ ಕೇಳಲಿಲ್ಲ. ಚಂದ ಅಂದರೆ ಹಾಗೇ ನೋಡಿ, ಬುದ್ಧಿಗೆ ಮಂಕು ಬಡಿಯುತ್ತೆ. ಮನೆಯಲ್ಲಂತೂ ಇವನು ತುಟಿ ಪಿಟಕ್ಕೆನ್ನಲಿಲ್ಲ.

ಈಗ ಇಬ್ಬರೂ ಗೆಳೆಯರು ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದರು. ಬಂದವರು ಸುಮ್ಮನಿರಬಾರದೇ?

“ಏರ್‌ಬ್ಯಾಗ್ ಬಿಚ್ಚಲೇ ಇಲ್ಲ ಅಂದ್ರೆ ಏನರ್ಥ? ಆ ಕಂಪನಿಯವರನ್ನ ಕೋರ್ಟಿಗೆ ಎಳೀಬೇಕು!” ಅಂತ ಮ್ಯಾನೇಜರು ಹಾರಾಡಿದರು.

“ಅದಕ್ಕೇ ಬಡ್ಕೊಂಡೆ, ತಗಡು ತಗಡು ಅಂತ,” ಅಂದರು ಮೇಷ್ಟ್ರು. ಅಲ್ಲೇ ವಾದ ಶುರುವಾಗಿಹೋಯಿತು.

ಹೆಂಡತಿ ತಿರುಗಿದಳು. “ಹೌದೇನ್ರೀ? ಯಾವ ಪಾಪಿಗಳ್ರೀ ಅವರು? ಅವರ ಮನೇಲಿ ಹೆಣ್ಮಕ್ಕಳಿಲ್ವಾ?”

ಇವನು ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಆದರೆ ಅವಳು ಕಂಡರಿಯದ ಜನಕ್ಕೆ ಹಿಡಿಶಾಪ ಹಾಕುತ್ತಲೇ ಇದ್ದಳು, ಒಂದೊಂದು ಶಾಪವೂ ಬಂದು ಇವನಿಗೇ ತಾಕುತ್ತಿತ್ತು. ತಡೆಯಲಾಗಲಿಲ್ಲ.

“ಅವರಲ್ಲ ಕಣೇ, ನಾನು. ಹಳೇ ಸ್ಟೇರಿಂಗ್ ಜೊತೆ ಅದನ್ನೂ ತೆಗೆಸಿಬಿಟ್ಟೆ. ಚಂದಕ್ಕೆ.”

ಹೆಂಡತಿ ಕಿರುಚಲಿಲ್ಲ, ಕಿರುಚಿದ್ದರೆ ಎಷ್ಟೋ ವಾಸಿ ಇತ್ತು. ಎದ್ದು ದೂರದ ಕುರ್ಚಿಗೆ ಹೋಗಿ ಕೂತಳು.

ಆಪರೇಷನ್ನಿಗೆ ಮುಂಚೆ ಒಬ್ಬೊಬ್ಬರಾಗಿ ನೋಡಿ ಬನ್ನಿ ಅಂದಳು ನರ್ಸ್. ಹೆಂಡತಿ ಒಳಗೆ ಹೋಗಿ ಬಂದು ಇವನ ಮುಂದೆ ನಿಂತಳು.

“ಗಾಡಿ ಹಾಳು ಮಾಡಿದೆ, ಅಪ್ಪ ಬೈತಾನೇನೋ ಅಂತ ಅಳ್ತಿದಾಳೆ. ಹೋಗಿ. ನೀವೇ ಹೇಳಿ ಅವಳಿಗೆ.”

ಹೋದ. ಮಗಳ ಹಣೆ ಬಾತಿತ್ತು, ಉಸಿರಾಡಲೂ ಒದ್ದಾಡುತ್ತಿದ್ದಳು.

“ಅಪ್ಪಾ, ನೋಡಲಿಲ್ಲ ನಾನು. ಬೈಬೇಡ.”

“ನಿನ್ನ ಈ ಗತಿಗೆ ನಾನೇ ಕಾರಣ ಮಗಳೇ. ಏರ್‌ಬ್ಯಾಗ್ ನಾನೇ ತೆಗೆಸಿದ್ದೆ. ಇದ್ದಿದ್ರೆ ನಿನಗೆ ಇಷ್ಟು ಪೆಟ್ಟಾಗ್ತಿರಲಿಲ್ಲ.”

ಅವಳು ಆ ನೋವಿನಲ್ಲೂ ನಗಲು ನೋಡಿದಳು. “ಸಾಕು ಸುಮ್ನಿರಪ್ಪಾ. ಚಿಕ್ಕೋಳಿದ್ದಾಗಿಂದ್ಲೂ ಹೀಗೇ, ನನ್ನ ತಪ್ಪೆಲ್ಲ ನಿನ್ನ ತಲೆ ಮೇಲೆ ಹಾಕ್ಕೊಳ್ತೀಯ.”

“ಇಲ್ಲ ಮಗಳೇ, ನಿಜವಾಗ್ಲೂ…”

ಅಷ್ಟರಲ್ಲಿ ಮಂಚದ ಚಕ್ರಗಳು ಉರುಳಿದವು. “ನಿಜ ಕಣೇ, ನಾನೇ, ನಾನೇ ಮಾಡಿದ್ದು,” ಅನ್ನುತ್ತ ಬಾಗಿಲವರೆಗೂ ಹಿಂದೆ ಓಡಿದ. ಮಗಳು ಅವನ ಕೈ ತಟ್ಟಿ, “ಆಯ್ತಪ್ಪಾ, ಅಳಬೇಡ,” ಅಂತ ಸಮಾಧಾನ ಹೇಳಿ ಒಳಗೆ ಹೋದಳು.