ಇನ್ನೊಮ್ಮೆ ಮೇಡಂ ಮತ್ತು ನಾಲ್ಕನೇ ಗೇಟು

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದಿದ್ದ ದಿನಗಳು, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಮೂವತ್ತನಾಲ್ಕು ವರ್ಷಗಳ ಹಿಂದೆ ಆ ಹೊತ್ತಿಗೆ ನಮ್ಮ ವಿದ್ಯುತ್ ಕೇಂದ್ರದ ನಿಯಂತ್ರಣ ಕೊಠಡಿಗೆ ಒಬ್ಬ ಹೆಣ್ಣುಮಗಳು ಬಂದು, ತೋರಿಸಿದ ಕುರ್ಚಿಯ ಧೂಳನ್ನು ಕರವಸ್ತ್ರದಿಂದ ಒರೆಸಿ, ಕೂರುವುದಕ್ಕೆ ಮೊದಲು ಕೇಳಿದರು: “ಈಗ ನೀರು ಒಳಗೆ ಬರ್ತಿದೆಯೋ, ಹೊರಗೆ ಹೋಗ್ತಿದೆಯೋ?” ಸಮುದ್ರದ ಉಬ್ಬರವಿಳಿತದಿಂದ ವಿದ್ಯುತ್ತು ತೆಗೆಯುವ ಈ ಕಸುಬಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಯಂತ್ರವನ್ನು ಬಲ್ಲ ಘನ ವಿದ್ವಾಂಸರು ಈ ಕ್ಷೇತ್ರದಲ್ಲಿ ಬಹಳ ಮಂದಿ ಇದ್ದಾರೆ. ಯಂತ್ರಗಳ ನಡುವೆ ಓಡಾಡುವ ಮನುಷ್ಯರ ಮಾತನ್ನೂ ಯಂತ್ರದಷ್ಟೇ ಎಚ್ಚರದಿಂದ ನೋಡಿಕೊಂಡವರು, ನಾವು ಕಂಡ ಮಟ್ಟಿಗೆ, ಇವರೊಬ್ಬರೇ. ಕೇಂದ್ರದಲ್ಲಿ ಎಲ್ಲರೂ ಇವರನ್ನು ‘ಇನ್ನೊಮ್ಮೆ ಮೇಡಂ’ ಎಂದೇ ಕರೆದರು. ಆ ಹೆಸರು ಹೇಗೆ ಬಂತೆಂಬುದನ್ನು ಹೇಳಿದರೆ ಅವರ ಸೇವೆಯ ಮುಕ್ಕಾಲು ಪಾಲು ಹೇಳಿದಂತೆ.

ನದಿ ಸಮುದ್ರ ಸೇರುವ ಕಡೆ ಅಡ್ಡಲಾಗಿ ಒಂದು ಒಡ್ಡು, ಅದಕ್ಕೆ ಆರು ಗೇಟು. ಉಬ್ಬರ ಏರುವಾಗ ಗೇಟು ಎತ್ತಿ ನೀರನ್ನು ಒಳಗೆ ತುಂಬಿಸಿಕೊಳ್ಳುವುದು, ಇಳಿಸಿ ಹಿಡಿದಿಡುವುದು, ಸಮುದ್ರ ತಗ್ಗಿದ ಮೇಲೆ ಟರ್ಬೈನುಗಳ ಮೂಲಕ ಹೊರಗೆ ಕಳಿಸುವುದು, ಕೆಲಸ ಇಷ್ಟೇ. ಆದರೆ ಉಬ್ಬರ ದಿನಕ್ಕೆ ಹೆಚ್ಚುಕಡಿಮೆ ಐವತ್ತು ನಿಮಿಷ ತಡವಾಗಿ ಬರುತ್ತದೆ, ಅದರ ಹಿಂದೆ ನಮ್ಮ ಪಾಳಿಯೂ ಜರುಗುತ್ತದೆ. ಹೊಸದಾಗಿ ಮದುವೆಯಾಗಿದ್ದ ಮೇಡಂ ಇವತ್ತು ಎಂಟಕ್ಕೆ ಊಟ ಕೇಳಿದರೆ ನಾಳೆ ಒಂಬತ್ತಕ್ಕೆ ಕೇಳುವರು. ಅವರ ಅತ್ತೆ ಒಂದು ವಾರ ತಡೆದುಕೊಂಡು, ಎಂಟನೆಯ ದಿನ ಸೌಟು ಕೆಳಗಿಟ್ಟು ಹೇಳಿದರಂತೆ: “ನಿಮ್ಮ ಸಮುದ್ರಕ್ಕೆ ಒಂದು ಗಡಿಯಾರ ಕೊಡಿಸು ತಾಯಿ. ನನ್ನ ಮಗನ ಸಂಬಳದಲ್ಲಾದರೂ ಸರಿ.”

ಹನ್ನೆರಡು ವರ್ಷ ಹೀಗೆ ನಡೆಯಿತು. ಹದಿಮೂರನೆಯ ವರ್ಷದ ಒಂದು ಮಂಗಳವಾರ ಬೆಳಿಗ್ಗೆ, ಎಂಟೂ ನಲವತ್ತಕ್ಕೆ, ನಾಲ್ಕನೇ ಗೇಟಿನ ಜಾಲರಿಗೆ ಒಂದು ಹರಿದ ಬಲೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ನಮ್ಮ ಮುಳುಗುಗಾರ, ನೀರು ಏರದೆ ಇಳಿಯದೆ ನಿಲ್ಲುವ ಹೊತ್ತು ನೋಡಿ ಕೆಳಗಿಳಿದಿದ್ದ. ಅವನು ಇಳಿದ ಚೀಟಿ ನಿಯಂತ್ರಣ ಕೊಠಡಿಗೆ ಬರುತ್ತಿತ್ತೇ ಹೊರತು, ಒಡ್ಡಿನ ಮೇಲೆ ಗೇಟು ಎತ್ತುವ ಗೇಟಿನಣ್ಣನಿಗೆ ಯಾರೂ ತೋರಿಸುತ್ತಿರಲಿಲ್ಲ. ಉಬ್ಬರ ಶುರುವಾಯಿತು. ಬಲೆ ಇನ್ನೂ ಬಂದಿರಲಿಲ್ಲ. ಮೇಡಂ ಫೋನೆತ್ತಿ, “ಆರೂ ಎತ್ತಿ ಅಣ್ಣಾ, ನಾಲ್ಕು ಬಿಡಿ” ಅಂದರು. ಆ ಕಡೆಯಿಂದ, “ಬಿಟ್ಟೆ ಮೇಡಂ” ಎಂದು ಬಂತು.

ಮನೆಯಲ್ಲಿ ‘ಬಿಡು’ ಅಂದರೆ ಅದರ ತಂಟೆಗೆ ಹೋಗಬೇಡ ಎಂದರ್ಥ. ಒಡ್ಡಿನ ಮೇಲೆ ‘ಬಿಡು’ ಅಂದರೆ ನೀರು ಬಿಡು. ಮೇಡಂ ಮನೆಯ ಮಾತು ಆಡಿದರು. ಗೇಟಿನಣ್ಣ ಒಡ್ಡಿನ ಮಾತು ಕೇಳಿಸಿಕೊಂಡು, ಎಲ್ಲಕ್ಕಿಂತ ಮೊದಲು ನಾಲ್ಕನ್ನೇ ಎತ್ತಿದರು.

ಗೇಟು ಒಂದು ಗೇಣು ಎದ್ದಿತ್ತು, ನುಗ್ಗಿದ ನೀರು ಮುಳುಗುಗಾರನನ್ನು ಜಾಲರಿಗೆ ಅಪ್ಪಳಿಸಿತ್ತು. ದಡದಲ್ಲಿ ಹಗ್ಗ ಹಿಡಿದಿದ್ದವನು ಕೂಗಿದ ಕೂಗಿಗೆ ಅದು ಅಲ್ಲೇ ನಿಂತಿತು. ಮುಳುಗುಗಾರನ ಜೀವ ಉಳಿಯಿತು, ಬಲಭುಜದ ಶಕ್ತಿ ಉಳಿಯಲಿಲ್ಲ.

ಆಸ್ಪತ್ರೆಗೆ ಮೇಡಂ ಸಂಜೆ ಹೋದರು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದವರು ಮಂಚದ ಹತ್ತಿರ ಬಂದು ಅವನ ಹೊದಿಕೆ ಸರಿಮಾಡಿದರು. ಅವನೇ ಅವರ ಮುಖ ನೋಡಿ ಮೆಲ್ಲಗೆ, “ಬಿಡಿ ಅಕ್ಕಾ” ಎಂದ. ಸಮಾಧಾನಕ್ಕೆ ಹೇಳಿದ ಮಾತು. ಮೇಡಂ ಹೊರಗೆ ಬಂದು ಮೆಟ್ಟಿಲಿನ ಮೇಲೆ ಬಹಳ ಹೊತ್ತು ಕೂತಿದ್ದರು.

ವಿಚಾರಣೆ ಗುರುವಾರ. ಫೋನಿನ ಮಾತಿಗೆ ಸಾಕ್ಷಿ ಇರಲಿಲ್ಲ, ಇದ್ದದ್ದು ಮೇಡಂ ಅವರ ದಿನಚರಿಯ ಒಂದು ಸಾಲು: “ಆರು ಗೇಟು ಎತ್ತಲು, ನಾಲ್ಕು ಬಿಡಲು ಹೇಳಿದೆ.” ಮುಂದಿನ ತಿಂಗಳು ಮೇಡಂ ವಿಭಾಗದ ಮುಖ್ಯಸ್ಥರಾಗುವುದೆಂದು ತೀರ್ಮಾನವಾಗಿತ್ತು. ಗೇಟಿನಣ್ಣ ಹಂಗಾಮಿ ನೌಕರರು, ಎರಡು ಮಕ್ಕಳ ತಂದೆ. ಅವರು ಬಾಗಿಲ ಹೊರಗೆ ಟೋಪಿ ಹಿಂಡುತ್ತಾ ನಿಂತು, “ನಾನೇ ಒಪ್ಕೊಂಡ್ಬಿಡ್ತೀನಿ ಮೇಡಂ, ನಿಮಗ್ಯಾಕೆ ಇಲ್ಲದ ತಾಪತ್ರಯ” ಅಂದರು.

“ನಿಮ್ಮ ತಪ್ಪಿದ್ರೆ ಒಪ್ಕೊಳ್ಳಿ ಅಣ್ಣಾ. ನನ್ನದನ್ನ ನೀವು ಹೇಗೆ ಒಪ್ಕೊಳ್ತೀರಿ?”

ಒಳಗೆ ವಿಚಾರಣೆಗೆ ಕೂತಿದ್ದ ದೊಡ್ಡ ಸಾಹೇಬರು ದಿನಚರಿಯ ಆ ಸಾಲಿನ ಮೇಲೆ ಬೆರಳಿಟ್ಟರು. ಕೆಟ್ಟವರಲ್ಲ, ಕೇಂದ್ರದ ಹೆಸರು ಕೆಡಬಾರದು ಎಂಬ ಚಿಂತೆ ಅವರಿಗೆ. “ಇಲ್ಲಿ ‘ಎತ್ತದೆ’ ಅಂತ ಒಂದು ಪದ ಸೇರಿಸಮ್ಮ. ನಾಲ್ಕು ಎತ್ತದೆ ಬಿಡಲು. ಅಷ್ಟೇ. ಅವನು ಹಂಗಾಮಿ, ಮನೆಗೆ ಕಳಿಸಿದರೆ ಕಡತ ಮುಚ್ಚುತ್ತೆ.”

ಮೇಡಂ ಪೆನ್ನು ಮುಟ್ಟಲಿಲ್ಲ. “ಸಾರ್, ಈ ಸಾಲು ಮೊದಲ ಸಲ ಓದಿದಾಗ ನೀವು ಏನಂದ್ಕೊಂಡ್ರಿ?”

ಸಾಹೇಬರು ಸುಳ್ಳು ಹೇಳುವ ಪೈಕಿ ಅಲ್ಲ. “ನಾಲ್ಕು ಎತ್ತೋಕೆ ಹೇಳಿದ್ದೀಯ ಅಂದ್ಕೊಂಡೆ.”

“ನೀವು ಕನ್ನಡಕ ಹಾಕ್ಕೊಂಡು, ಕೂತ್ಕೊಂಡು ಓದಿದ್ದು ಸಾರ್. ಅವರು ಮೋಟಾರಿನ ಸದ್ದಿನಲ್ಲಿ ನಿಂತ್ಕೊಂಡು ಕೇಳಿದ್ದು.”

ಗೇಟಿನಣ್ಣನ ಕೆಲಸ ಉಳಿಯಿತು. ಮೇಡಂ ಅವರ ಕಡತದಲ್ಲಿ ಒಂದು ಟಿಪ್ಪಣಿ ಬಿತ್ತು, ಬಡ್ತಿ ಆರು ವರ್ಷ ಹಿಂದಕ್ಕೆ ಹೋಯಿತು. ಅವರೇ ಕೈಹಿಡಿದು ಕೆಲಸ ಕಲಿಸಿದ ಹುಡುಗ ಅವರ ಮೇಲಧಿಕಾರಿಯಾಗಿ ಬಂದಾಗ, ಮೇಡಂ ಮೊದಲ ದಿನವೇ ಎದ್ದು ನಿಂತು “ಬನ್ನಿ ಸಾರ್” ಅಂದರು. ಆ ಹುಡುಗ ತಾನೇ ಅವರಿಗೆ ಕುರ್ಚಿ ಎಳೆದುಕೊಟ್ಟ.

ಅದಾದ ಮೇಲೆ ಮೇಡಂ ಮಾಡಿದ್ದು ಎರಡು ಕೆಲಸ. ಮುಳುಗುಗಾರ ಇಳಿಯುವಾಗ ತನ್ನ ಹಿತ್ತಾಳೆ ಬಿಲ್ಲೆಯನ್ನು ಆಯಾ ಗೇಟಿನ ಹಿಡಿಕೆಗೆ ತಾನೇ ತೂಗುಹಾಕಬೇಕು, ಮೇಲೆ ಬಂದು ತಾನೇ ತೆಗೆಯಬೇಕು. ಬೇರೆ ಯಾರ ಕೈಯೂ ಅದಕ್ಕೆ ತಾಗಕೂಡದು. ಮತ್ತೆ, ಫೋನಿನಲ್ಲಿ ಆಡಬಹುದಾದ ಮಾತುಗಳ ಒಂದು ಪಟ್ಟಿ: ಎತ್ತಿ, ಇಳಿಸಿ, ನಿಲ್ಲಿಸಿ, ಮುಟ್ಟಬೇಡಿ, ಹೀಗೆ ಒಟ್ಟು ಎಂಟು. ‘ಬಿಡಿ’ ಅದರಲ್ಲಿ ಇಲ್ಲ. ಹೇಳಿದ್ದನ್ನು ಕೇಳಿದವರು ತಿರುಗಿ ಒಪ್ಪಿಸಬೇಕು. ಸರಿಯಾಗಿ ಒಪ್ಪಿಸಿದರೂ ಮೇಡಂ, “ಇನ್ನೊಮ್ಮೆ ಹೇಳಿ” ಅನ್ನುವರು. ಹೆಸರು ಬಂದದ್ದು ಹೀಗೆ. ನಾವು ಮೊದಮೊದಲು ನಕ್ಕೆವು. ಗೇಟಿನಣ್ಣ ಒಮ್ಮೆ ಫೋನಿನಲ್ಲಿ, “ಮಗಳನ್ನ ಶಾಲೆಗೆ ಬಿಡ್ಬೇಕು, ಅರ್ಧ ಗಂಟೆ ಬಿಡುವು ಕೊಡಿ” ಅಂದುಬಿಟ್ಟರು.

“ಬಿಡೋದು ಅಂದ್ರೆ? ಎತ್ತೋದೋ, ಇಳಿಸೋದೋ?”

“ಅಯ್ಯೋ, ಮೊದಲು ಸೈಕಲ್ ಮೇಲೆ ಎತ್ತಿ, ಆಮೇಲೆ ಶಾಲೆ ಹತ್ರ ಇಳಿಸೋದು ಮೇಡಂ!”

“ಇನ್ನೊಮ್ಮೆ ಹೇಳಿ.”

ಆ ಪಟ್ಟಿ ಬಂದ ಮೇಲಿನ ಇಪ್ಪತ್ತೊಂದು ವರ್ಷಗಳಲ್ಲಿ ನೀರಿಗಿಳಿದ ಯಾರಿಗೂ ನಮ್ಮ ಗೇಟಿನಿಂದ ಒಂದು ಗೀರೂ ಆಗಿಲ್ಲ.

ಮುಳುಗುಗಾರನಿಗೆ ಹಗ್ಗ, ಸಾಮಾನುಗಳ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಅವನ ಬಲಗೈ ಭುಜದಿಂದ ಮೇಲೆ ಏಳದು. ಅವನು ಕೆಲಸಕ್ಕೆ ಬರುವ ಹಿಂದಿನ ಭಾನುವಾರ ಮೇಡಂ ತಮ್ಮ ಯಜಮಾನರನ್ನು ಕರೆದುಕೊಂಡು ಬಂದು, ಅಲ್ಲಿನ ಹಲಗೆಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೂ ಅವನ ಎದೆಮಟ್ಟಕ್ಕಿಂತ ಕೆಳಗೆ ತಂದು ಕೂರಿಸಿದರು. ಸೋಮವಾರ ಅವನು ಬಂದು ಸುತ್ತ ನೋಡಿ, “ಇದ್ಯಾವ ಕುಳ್ಳರ ಉಗ್ರಾಣ?” ಎಂದು ಕೇಳಿದ. ಯಾರು ಮಾಡಿದ್ದೆಂದು ಅವನಿಗೆ ಗೊತ್ತಾಗಲು ವರ್ಷವೇ ಹಿಡಿಯಿತು.

ಮುಖ್ಯಸ್ಥರ ಕುರ್ಚಿ ತಡವಾಗಿಯಾದರೂ ಬಂತು. ನಿವೃತ್ತಿಯವರೆಗೂ ಹದಿನೈದು ವರ್ಷ ಅದರಲ್ಲಿ ಕೂತರು. ಬೇರೆ ಒಡ್ಡುಗಳವರೂ ಬಂದು ಆ ಎಂಟು ಮಾತುಗಳನ್ನು ಬರೆದುಕೊಂಡು ಹೋದರು. ಹೊಸಬರಿಗೆ ಪಾಠ ಹೇಳುವಾಗ ಮೇಡಂ ನಾಲ್ಕನೇ ಗೇಟಿನ ಕಥೆಯನ್ನೇ ಮೊದಲು ಹೇಳುವರು, “ಒಬ್ಬ ಅಧಿಕಾರಿ” ಎಂದಲ್ಲ, “ನಾನು” ಎಂದೇ.

ಮೇಡಂ ಅವರಿಗೆ ದೇಹದಲ್ಲಿ ಕಸುವೂ, ಕಣ್ಣಿನಲ್ಲಿ ಬೆಳಕೂ ಬಹುಕಾಲ ಇರಲಿ. ತರಬೇತಿಗೆ ವಾರಕ್ಕೊಂದು ದಿನ ಬರುತ್ತೇನೆಂದು ಒಪ್ಪಿದ್ದಾರೆ, ಆ ದಿನ ತಪ್ಪದಿರಲಿ ಎಂದು ಹಾರೈಸುತ್ತೇವೆ. ಮನೆಯವರಿಗೂ ಇನ್ನು ದಿನಾ ಅದೇ ಹೊತ್ತಿಗೆ ಊಟ ಸಿಗಲಿ.

ಗೇಟಿನಣ್ಣನನ್ನು ಯಾರೂ ಮನೆಗೆ ಕಳಿಸಲಿಲ್ಲ. ನೌಕರಿ ಕಾಯಂ ಆಗಿ, ಇಬ್ಬರು ಮಕ್ಕಳೂ ದಡ ಸೇರಿ, ಅರವತ್ತು ತುಂಬಿದ ಮೇಲೆ ಅವರಾಗಿಯೇ ಹೊರಟರು, ಹೋದ ತಿಂಗಳ ಕೊನೆಯ ಬುಧವಾರ. ಮೇಡಂ ಹೊರಟದ್ದು ಮೊನ್ನೆ, ಶುಕ್ರವಾರ.