ನೆಲ ನಡುಗಿದಾಗ ಪಾತ್ರೆ ಹಿಡಿದು ಕೂತೆ

ನೆಲ ನಡುಗಿತು. ನಾನು ಓಡಲಿಲ್ಲ, ಒಲೆ ಮೇಲಿದ್ದ ಉಪ್ಪಿಟ್ಟಿನ ಪಾತ್ರೆ ಗಟ್ಟಿಯಾಗಿ ಹಿಡಿದು ಕೂತೆ. ಕೆಲಸಕ್ಕೆಂದು ಜಪಾನಿಗೆ ಬಂದವಳು ವಾರದ ರಜೆಗೆ ಗೆಳತಿಯ ಜೊತೆ ಬೆಟ್ಟದ ಬುಡದಲ್ಲಿ ಟೆಂಟು ಹಾಕಿದ್ದೆ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ನಾನು ಚಿಕ್ಕವಳಿದ್ದಾಗ, ಅಪ್ಪ ಕೆಲಸ ಮಾಡುತ್ತಿದ್ದ ಚಿನ್ನದ ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆ ಅದುರುತ್ತಿತ್ತು. ಅಮ್ಮ ಒಲೆ ಮೇಲಿನ ಪಾತ್ರೆ ಹಿಡಿದುಕೊಂಡು ಸುಮ್ಮನೆ ಕೂರುತ್ತಿದ್ದಳು. ನನಗೆ ಗೊತ್ತಿದ್ದುದು ಅದೇ.

ಗೆಳತಿ ನನ್ನ ರಟ್ಟೆ ಹಿಡಿದು ದರದರ ಎಳೆದೊಯ್ದಳು. ಹಿಂದೆಯೇ ಬಂಡೆಯೊಂದು ಉರುಳಿ ಬಂದು ಟೆಂಟನ್ನು ಅಪ್ಪಚ್ಚಿ ಮಾಡಿತು.

ಉಸಿರು ಹತೋಟಿಗೆ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. “ಆಗೆಲ್ಲ ಮನೆ ಅದುರಿದಾಗ ನಿಂಗೆ ಭಯ ಆಗ್ತಿರ್ಲಿಲ್ವಾ?”

“ಪಾತ್ರೆ ಇಡ್ಕೊಳ್ದಿದ್ರೆ ನನ್ ಕೈ ನಡುಗೋದು ನಿಂಗೆ ಕಾಣ್ತಿತ್ತು ಕಣೇ. ನಿಮ್ಮಪ್ಪ ಕೆಳಗಿದ್ರಲ್ಲ!”

ಇಷ್ಟು ವರ್ಷ, ಅಮ್ಮನಿಗೆ ಪಾತ್ರೆಯದೇ ಚಿಂತೆ ಅಂದುಕೊಂಡಿದ್ದೆ.