ಏನೂ ಬೆಳೆಯದ ತಟ್ಟೆ

ಬೆಳಗಿನ ಐದೂವರೆ. ಪ್ರಯೋಗಾಲಯದಲ್ಲಿ ಇನ್ನೂ ನರಪಿಳ್ಳೆಯಿಲ್ಲ. ಜನ ಓಡಾಡಿದರೆ ಧೂಳು, ಧೂಳೆದ್ದರೆ ಬೂಷ್ಟು. ಅದಕ್ಕೇ ಇಲ್ಲಿ ಎಲ್ಲರೂ ‘ತಟ್ಟೆ ಅಕ್ಕ’ ಎಂದು ಕರೆಯುವ ಇವರಿಗೆ ಈ ಹೊತ್ತೇ ಬೇಕು. ಬಿಸಿ ಬಾಟಲಿಯನ್ನು ಮಣಿಕಟ್ಟಿಗೆ ಮುಟ್ಟಿಸಿ ಹದ ನೋಡುತ್ತಾರೆ. ಅಂಗೈಯಗಲದ ತಟ್ಟೆಯ ಮುಚ್ಚಳವನ್ನು ಬೆರಳಷ್ಟೇ ಎತ್ತಿ ಅಗರ್ ಸುರಿಯುತ್ತಾರೆ, ಸೂಕ್ಷ್ಮಜೀವಿಗಳಿಗೆ ಊಟವಾಗಿ ಹೆಪ್ಪುಗಟ್ಟುವ ಪಾಕ ಅದು. ಏಳರೊಳಗೆ ಇನ್ನೂರ ನಲವತ್ತು ತಟ್ಟೆ ಮುಗಿಯಬೇಕು. ಪ್ರತಿ ಪಾಕದಿಂದ ನಾಲ್ಕು ತಟ್ಟೆ ತೆಗೆದು ಬೀರುವಿಗಿಡುವುದು ಅವರದೇ ಪದ್ಧತಿ, ಯಾರೂ ಹೇಳಿಕೊಟ್ಟದ್ದಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಗಾಜಿನ ಸಾಮಾನು ತೊಳೆಯಲು ಬಂದವರು ಇವರು. ಇಂದಿಗೂ ಗುತ್ತಿಗೆ ಕೆಲಸವೇ. ನೋಡಿ ಕಲಿತರು, ಬೈಸಿಕೊಂಡೂ ಕಲಿತರು. "ಮನೇಲಿ ಅಡುಗೆಗೆ ಉಪ್ಪು ಮರೀತಾಳೆ, ಅಲ್ಲಿ ಕಣ್ಣಿಗೆ ಕಾಣದ್ದಕ್ಕೆ ತೂಕ ಮಾಡಿ ಬಡಿಸ್ತಾಳೆ" ಎಂದು ಅತ್ತೆ ಕಾಲೆಳೆಯುತ್ತಾರೆ.

ಇವರ ಅತಿಥಿ ಯೀಸ್ಟ್. ಅದರ ಕೋಶದೊಳಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ತನ್ನದೇ ಒಂದಿಷ್ಟು ಪ್ರೋಟೀನ್ ತಯಾರಿಸಿಕೊಳ್ಳುತ್ತದೆ. ಆ ತಯಾರಿಗೆ ನೆರವಾಗುವ ಅಂಶಗಳ ಮೂಲ ಬರಹ ಎಲ್ಲಿದೆ? ಕೋಶಕೇಂದ್ರದ ಡಿಎನ್‌ಎಯಲ್ಲೋ, ಮೈಟೊಕಾಂಡ್ರಿಯದ ಪುಟ್ಟ ಡಿಎನ್‌ಎಯಲ್ಲೋ? ಅಕ್ಕ ಸಲೀಸಾಗಿ ಹೇಳುತ್ತಾರೆ: "ಮನೇಲಿ ಎರಡು ಪುಸ್ತಕ ಇದೆ ಅಂದ್ಕೊಳ್ಳಿ. ಚಿಕ್ಕದನ್ನ ತೆಗೆದುಹಾಕಿ. ಆಮೇಲೂ ಸಾಮಾನು ಸಿಕ್ಕಿದ್ರೆ, ಅದು ದೊಡ್ಡ ಪುಸ್ತಕದ್ದೇ ಅಲ್ವಾ?"

ಚಿಕ್ಕದು ಹೋಗಿದೆ ಎಂಬುದಕ್ಕೆ ಅಕ್ಕನ ತಟ್ಟೆಯೇ ಮೊದಲ ಸಾಕ್ಷಿ. ಅಂಥ ಯೀಸ್ಟ್ ಸಕ್ಕರೆ ತಿಂದು ಬದುಕುತ್ತದೆ, ಆದರೆ ಮೈಟೊಕಾಂಡ್ರಿಯ ಸರಿಯಿಲ್ಲದೆ ಅರಗದ ಗ್ಲಿಸರಾಲ್‌ನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ.

ಕಳೆದ ಚಳಿಗಾಲದಲ್ಲಿ ಅದು ಬೆಳೆದುಬಿಟ್ಟಿತು. ಕೋಶಗಳೇ ಕೆಟ್ಟಿವೆ ಎಂದು, ಆ ಪ್ರಶ್ನೆಯ ಬೆನ್ನು ಹತ್ತಿದ್ದ ಸಂಶೋಧಕಿ ಒಂಬತ್ತು ತಿಂಗಳ ದುಡಿಮೆಯನ್ನೆಲ್ಲ ಬೇಯಿಸಿ ಚೆಲ್ಲಲು ಕೊಟ್ಟರು. ಚೆಲ್ಲಬೇಕಾದವರು ಅಕ್ಕ. ಚೆಲ್ಲುವ ಮುಂಚೆ ಅವರು ತಟ್ಟೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಗ್ಲಿಸರಾಲ್ ತಿಂದ ಯಾವ ಯೀಸ್ಟೂ ಎರಡೇ ದಿನದಲ್ಲಿ ಹೀಗೆ ಮೈದುಂಬಿಕೊಳ್ಳುವುದಿಲ್ಲ. ಇದು ಸಕ್ಕರೆಯ ಕೊಬ್ಬು. ಹಬೆಗೆ ಚೀಟಿ ಕಿತ್ತುಬಂದ ಎರಡು ಬಾಟಲಿ ನೆನಪಾದವು. ಎರಡೂ ನೋಡಲು ತಿಳಿ, ಎರಡೂ ಸುರಿಯಲು ಮಂದ. ಕೈಯಂದಾಜಿನ ಮೇಲೆ ನಂಬಿಕೆಯಿಟ್ಟು, ಗ್ಲಿಸರಾಲ್‌ನದೆಂದು ಸಕ್ಕರೆಯದನ್ನೇ ಸುರಿದಿದ್ದರು.

ಅಕ್ಕನ ಗುತ್ತಿಗೆ ಮುಂದುವರಿಸುವ ಕಾಗದ ಅದೇ ವಾರ ಮುಖ್ಯಸ್ಥರ ಮೇಜಿನ ಮೇಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ನೇರ ಸಂಶೋಧಕಿಯ ಮುಂದೆ ಹೋಗಿ ನಿಂತರು. "ಮೇಡಂ, ಕೋಶ ಕೆಟ್ಟಿಲ್ಲ. ಕೆಟ್ಟಿದ್ದು ನನ್ನ ತಟ್ಟೆ."

ಬೀರುವಿನಲ್ಲಿದ್ದ ಹಳೆಯ ಗ್ಲಿಸರಾಲ್ ಪಾಕದ ತಟ್ಟೆಗಳು ಹೊರಬಂದವು. ಐದನೆಯ ದಿನ, ಒಳ್ಳೆಯ ಯೀಸ್ಟ್ ಹಾಕಿದಲ್ಲಿ ಚುಕ್ಕೆಗಳೆದ್ದಿದ್ದವು. ಚಿಕ್ಕ ಪುಸ್ತಕ ಕಳೆದುಕೊಂಡದ್ದನ್ನು ಹಾಕಿದಲ್ಲಿ ಏನೂ ಇರಲಿಲ್ಲ. ಒಂಬತ್ತು ತಿಂಗಳು ಉಳಿಯಿತು. ಹುಡುಕುತ್ತಿದ್ದ ಅಂಶ ಆ ಕೋಶಗಳಲ್ಲೂ ಸಿಕ್ಕಿತು, ಬರಹ ಕೋಶಕೇಂದ್ರದ್ದೇ. ಅಕ್ಕನ ಗುತ್ತಿಗೆ ಮಾತ್ರ ವರ್ಷದ ಬದಲು ಆರು ತಿಂಗಳಿಗಿಳಿಯಿತು. ಹೇಳಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಈಗ ಪಾಕದ ಹೆಸರನ್ನು ಬಾಟಲಿಯ ಗಾಜಿನ ಮೇಲೇ ಗೀರಿಸಿದ್ದಾರೆ. ಗುತ್ತಿಗೆ ಮುಗಿಯಲು ಇನ್ನೂ ಎರಡು ತಿಂಗಳಿದೆ, ಕೆಲಸವೇ ಮಾತಾಡಲಿ ಎಂಬುದು ಅವರ ಹಟ.

ಹೊರಡುವ ಮುಂಚೆ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. ಅದರಲ್ಲೇನೂ ಇಲ್ಲ.

"ಬೆಳೆದ್ರೆ ಅದು ಯೀಸ್ಟಿನ ಶಕ್ತಿ. ಬೆಳೀಬಾರದ ಕಡೆ ಬೆಳೀದೆ ಇದ್ರೆ, ಅದು ನನ್ನ ಕೈ."